ಆಡುಬಾನ್‌ನ ಪ್ರಾಣಿಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

19ನೇ ಶತಮಾನದಲ್ಲಿ ಕಲ್ಲಚ್ಚಿನಿಂದ ಮುದ್ರಿಸಿ ಕೈಯಿಂದ ಬಣ್ಣ ತುಂಬಿದ ಅಮೆರಿಕದ ಪ್ರಾಣಿಚಿತ್ರಗಳ ಬಗ್ಗೆ ಎಲ್ಲಿ ಮಾತು ಬಂದರೂ ಕೆಲವು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಮಾತುಕತೆಯಲ್ಲೂ ಪತ್ರಗಳಲ್ಲೂ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಮೊದಲ ಪರಿಚಯ

ಆಡುಬಾನ್ ಎಂದರೆ ಹಕ್ಕಿಗಳ ಚಿತ್ರಕಾರ ಅಲ್ಲವೇ? ಅವನು ಪ್ರಾಣಿಗಳನ್ನೂ ಬರೆದಿದ್ದನೇ?

ಬರೆದಿದ್ದ. ಜಾನ್ ಜೇಮ್ಸ್ ಆಡುಬಾನ್ (1785–1851) ಜಗತ್ತಿಗೆ ಗೊತ್ತಾದದ್ದು 1827ರಿಂದ 1838ರವರೆಗೆ ಹೊರಬಂದ 435 ಹಕ್ಕಿಚಿತ್ರಗಳಿಂದ. ಆ ಕೆಲಸ ಮುಗಿದು ಅಮೆರಿಕಕ್ಕೆ ಮರಳಿದ ಮೇಲೆ ಆತ ಉತ್ತರ ಅಮೆರಿಕದ ಸಸ್ತನಿಗಳತ್ತ ತಿರುಗಿದ. ಅದರ ಫಲವೇ ‘ದ ವಿವಿಪರಸ್ ಕ್ವಾಡ್ರುಪೆಡ್ಸ್ ಆಫ್ ನಾರ್ತ್ ಅಮೆರಿಕ’, ಅಂದರೆ ಉತ್ತರ ಅಮೆರಿಕದ ಮರಿ ಹಾಕುವ ನಾಲ್ಕುಕಾಲಿನ ಪ್ರಾಣಿಗಳು. ಹಕ್ಕಿಗಳ ಹೊತ್ತಿಗೆಯ ಕೀರ್ತಿಯ ನೆರಳಿನಲ್ಲಿ ಇದು ಮರೆಯಾಗಿದೆ. ಅದು ನ್ಯಾಯವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರಣ ಮುಂದೆ ಬರುತ್ತದೆ.

ಒಟ್ಟು ಎಷ್ಟು ಚಿತ್ರಗಳಿವೆ? ಯಾವಾಗ ಬಂದವು?

ದೊಡ್ಡ ಅಳತೆಯ ಆವೃತ್ತಿಯಲ್ಲಿ 150 ಫಲಕಗಳು, ಅಂದರೆ ಇಡೀ ಹಾಳೆಯ ಮುದ್ರಿತ ಚಿತ್ರಗಳು. 1845ರಿಂದ 1848ರ ನಡುವೆ, ಕಂತಿಗೆ ಐದು ಚಿತ್ರದಂತೆ 30 ಕಂತುಗಳಲ್ಲಿ ಚಂದಾದಾರರ ಕೈ ಸೇರಿದವು. ಕಂತಿಗೆ 10 ಡಾಲರ್, ಪೂರ್ತಿ ಸರಣಿಗೆ 300 ಡಾಲರ್. ಸುಮಾರು 300 ಮಂದಿ ಚಂದಾದಾರರಾಗಿದ್ದರು. ಹಾಳೆಯ ಅಳತೆ ಹೆಚ್ಚುಕಡಿಮೆ 22 ಅಂಗುಲ ಅಗಲ, 28 ಅಂಗುಲ ಉದ್ದ. ಚಿತ್ರಗಳಿಗೆ ಸೇರಿದ ಬರಹ ಬೇರೆಯಾಗಿ ಮೂರು ಸಂಪುಟಗಳಲ್ಲಿ ಬಂತು. ಮೊದಲನೆಯದು 1846ರಲ್ಲಿ, ಕೊನೆಯದು 1854ರಲ್ಲಿ, ಆಡುಬಾನ್ ತೀರಿಕೊಂಡು ಮೂರು ವರ್ಷ ಕಳೆದ ಮೇಲೆ.

ಇಷ್ಟನ್ನೂ ಒಬ್ಬನೇ ಬರೆದನೇ?

ಇಲ್ಲ. ಯಾರು ಏನು ಕೇಳಿದರೂ ನಾನು ಕೊನೆಗೆ ತಲುಪುವುದು ಇದೇ ಮಾತಿಗೆ. ಚೌಕಟ್ಟಿನ ಕೆಳಗೆ ಒಂದೇ ಹೆಸರು ಹಾಕಿ ಗೋಡೆಗೆ ತೂಗುಹಾಕುವ ಈ ಚಿತ್ರಗಳು ಒಂದು ಕುಟುಂಬದ, ಒಬ್ಬ ಪಾದ್ರಿಯ, ಒಂದು ಮುದ್ರಣಾಲಯದ ಕೆಲಸ.

150 ಚಿತ್ರಗಳಲ್ಲಿ ಸುಮಾರು ಅರ್ಧದಷ್ಟನ್ನು ಬರೆದವನು ಕಿರಿಯ ಮಗ ಜಾನ್ ವುಡ್‌ಹೌಸ್ ಆಡುಬಾನ್. 1846ರ ಹೊತ್ತಿಗೆ ತಂದೆಯ ಕಣ್ಣು ಮಂದವಾಗಿತ್ತು, ಮರುವರ್ಷ ಮನಸ್ಸೂ ಮಂಕಾಯಿತು. ಆಮೇಲೆ ಕುಂಚ ಪೂರ್ತಿಯಾಗಿ ಮಗನ ಕೈಗೆ ಬಂತು. ಹಿಮಕರಡಿಯಂಥ ಉತ್ತರದ ಪ್ರಾಣಿಗಳಿಗಾಗಿ ಆತ 1846ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಸಂಗ್ರಹಾಲಯಗಳಲ್ಲಿದ್ದ ಮಾದರಿಗಳನ್ನು ನೋಡಿ ಬರೆದ. ಅದಕ್ಕೂ ಮೊದಲು ಟೆಕ್ಸಸ್ ಸುತ್ತಿ ಬಂದಿದ್ದ. ಹಿರಿಯ ಮಗ ವಿಕ್ಟರ್ ಗಿಫರ್ಡ್ ಪ್ರಾಣಿಗಳ ಹಿಂದಿನ ಬೆಟ್ಟ, ಹೊಳೆ, ಹುಲ್ಲುಗಾವಲುಗಳನ್ನು ಬರೆದ. ಲೆಕ್ಕಪತ್ರ, ಚಂದಾ ವಸೂಲಿ, ಮುದ್ರಕರ ಜೊತೆಗಿನ ವ್ಯವಹಾರವೆಲ್ಲ ಅವನದೇ.

ಬಹಳಷ್ಟು ಫಲಕಗಳ ಕೆಳತುದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಇದು ದಾಖಲಾಗಿದೆ. ಎಡಗಡೆ ಬರೆದವನ ಹೆಸರು ಜೆ. ಜೆ. ಎಂದಿದೆಯೋ ಜೆ. ಡಬ್ಲ್ಯೂ. ಎಂದಿದೆಯೋ ನೋಡಿ. ಆ ಒಂದು ಅಕ್ಷರ ಓದದೆ ಮಗನ ಕೆಲಸವನ್ನು ತಂದೆಯ ಖಾತೆಗೆ ಹಾಕುವವರು ಬಹಳ.

ಬ್ಯಾಕ್‌ಮನ್ ಯಾರು? ಹೆಸರು ಎಲ್ಲೆಡೆ ಬರುತ್ತದೆ, ಚಿತ್ರ ಮಾತ್ರ ಒಂದೂ ಕಾಣುವುದಿಲ್ಲ.

ಜಾನ್ ಬ್ಯಾಕ್‌ಮನ್ (1790–1874) ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ನಿನ ಲೂಥರನ್ ಪಾದ್ರಿ. ಸಸ್ತನಿಗಳ ವಿಷಯದಲ್ಲಿ ಅಂದಿನ ಅಮೆರಿಕದ ದೊಡ್ಡ ತಜ್ಞರಲ್ಲಿ ಒಬ್ಬ. ಜೌಗು ಮೊಲಗಳನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಇವನೇ. 1831ರಲ್ಲಿ ಆಡುಬಾನ್ ಚಾರ್ಲ್‌ಸ್ಟನ್ನಿಗೆ ಬಂದಾಗ ಸ್ನೇಹವಾಯಿತು. ಮುಂದೆ ಆಡುಬಾನ್‌ನ ಇಬ್ಬರು ಗಂಡುಮಕ್ಕಳೂ ಬ್ಯಾಕ್‌ಮನ್‌ನ ಇಬ್ಬರು ಹೆಣ್ಣುಮಕ್ಕಳನ್ನು ಮದುವೆಯಾದರು. ಇಬ್ಬರು ಹೆಣ್ಣುಮಕ್ಕಳೂ ಕ್ಷಯದಿಂದ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಆ ದುಃಖದ ನಡುವೆಯೇ ಎರಡೂ ಮನೆಯವರು ಈ ಕೆಲಸಕ್ಕೆ ಕೈಹಚ್ಚಿದರು.

ಬರಹದ ಸಂಪುಟಗಳ ಬೆನ್ನೆಲುಬು ಬ್ಯಾಕ್‌ಮನ್. ಪ್ರಾಣಿ ಯಾವುದು, ಹೊಸದೋ ಹಳೆಯದೋ, ಹಲ್ಲಿನ ರಚನೆ ಹೇಗೆ, ವರ್ಷದಲ್ಲಿ ಎಷ್ಟು ಸಲ ಮರಿ ಹಾಕುತ್ತದೆ ಎಂಬುದನ್ನೆಲ್ಲ ನಿರ್ಧರಿಸಿದವನು ಅವನು. ಬೇಕಾದ ಪುಸ್ತಕ, ಮಾದರಿ, ಟಿಪ್ಪಣಿಗಳನ್ನು ಆಡುಬಾನ್ ಕುಟುಂಬ ಹೊತ್ತಿಗೆ ಸರಿಯಾಗಿ ಕಳಿಸುತ್ತಿಲ್ಲವೆಂದು ಬೇಸತ್ತು ಕೆಲಸ ನಿಲ್ಲಿಸುವ ಮಾತನ್ನೂ ಆಡಿದ್ದ. ಅವನ ಕಣ್ಣುಗಳೂ ಸೋತಿದ್ದವು. ಆಗ ಅವನ ಮಾತನ್ನು ಬರೆದುಕೊಂಡು ಕೈಬರಹ ಸಿದ್ಧಪಡಿಸಿದವಳು ಎರಡನೆಯ ಹೆಂಡತಿ ಮರಿಯಾ ಮಾರ್ಟಿನ್. ಆಕೆ ಸ್ವತಃ ನುರಿತ ಚಿತ್ರಗಾರ್ತಿ. ಆಡುಬಾನ್‌ನ ಹಕ್ಕಿಚಿತ್ರಗಳಲ್ಲಿ ಹಲವಕ್ಕೆ ಹೂವು, ಬಳ್ಳಿ, ಕೀಟಗಳನ್ನು ಬರೆದುಕೊಟ್ಟವಳು.

## ಕಲ್ಲು, ಬಳಪ, ಕುಂಚ

ಕಲ್ಲಿನಿಂದ ಚಿತ್ರ ಮುದ್ರಿಸುವುದು ಎಂದರೆ ಕಲ್ಲನ್ನು ಕೆತ್ತುವುದೇ?

ಕೆತ್ತುವುದಿಲ್ಲ. ಕಲ್ಲಚ್ಚು ನಿಂತಿರುವುದು ಜಿಡ್ಡಿಗೂ ನೀರಿಗೂ ಇರುವ ವೈರದ ಮೇಲೆ. ಬವೇರಿಯಾದಿಂದ ತರಿಸಿದ ನುಣುಪಾದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯುತ್ತಾರೆ. ಗೋಂದು ಮತ್ತು ತೆಳು ಆಮ್ಲ ಬಳಿದು ಅದನ್ನು ಹದಗೊಳಿಸುತ್ತಾರೆ. ಕಲ್ಲನ್ನು ಒದ್ದೆ ಮಾಡಿದಾಗ ಬರಿ ಜಾಗ ನೀರು ಹೀರುತ್ತದೆ, ಬಳಪ ತಾಗಿದ ಜಾಗ ನೀರನ್ನು ದೂರವಿಡುತ್ತದೆ. ಮೇಲೆ ಮಸಿಯ ಉರುಳೆ ಹಾಯಿಸಿದರೆ ಮಸಿ ಬಳಪದ ಗೆರೆಗೆ ಮಾತ್ರ ಅಂಟುತ್ತದೆ. ಹಾಳೆ ಹಾಸಿ ಒತ್ತಿದರೆ ಚಿತ್ರ ಮೂಡುತ್ತದೆ. ಎಡಬಲ ಅದಲುಬದಲಾಗಿ ಬರುವುದರಿಂದ ಕಲ್ಲಿನ ಮೇಲೆ ಎಲ್ಲವನ್ನೂ ತಿರುವುಮುರುವಾಗಿ ಬರೆಯಬೇಕು.

ಈ ವಿದ್ಯೆಯನ್ನು 1790ರ ದಶಕದ ಕೊನೆಯಲ್ಲಿ ಕಂಡುಹಿಡಿದವನು ಅಲೋಯ್ಸ್ ಸೆನೆಫೆಲ್ಡರ್. ಕನ್ನಡಕ್ಕೂ ಇದು ಹಳೆಯ ಬಂಧು. ಮಂಗಳೂರಿನ ಬಾಸೆಲ್ ಮಿಷನ್‌ನಲ್ಲಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಕಲ್ಲಿನ ಮೇಲೆಯೇ. ಅದೇ ತಿಂಗಳುಗಳಲ್ಲಿ ಆಡುಬಾನ್ ಮಿಸ್ಸೌರಿ ನದಿಯ ಮೇಲ್ದಂಡೆಯಲ್ಲಿ ಈ ಸರಣಿಗಾಗಿ ಪ್ರಾಣಿಗಳನ್ನು ಬರೆಯುತ್ತಿದ್ದ.

ಮುದ್ರಿಸಿದವರು ಯಾರು?

ಫಿಲಡೆಲ್ಫಿಯಾದ ಜಾನ್ ಟಿ. ಬೋವೆನ್. ಹಕ್ಕಿಗಳ ದೊಡ್ಡ ಆವೃತ್ತಿಗೆ ತಾಮ್ರದ ಫಲಕಗಳನ್ನು ಕೆತ್ತಿದ ಕೆಲಸ ಎಡಿನ್‌ಬರೋದ ಲಿಜಾರ್ಸ್‌ನಲ್ಲಿ ಶುರುವಾಗಿ ಲಂಡನ್ನಿನ ಹ್ಯಾವೆಲ್‌ಗೆ ಹೋಗಿತ್ತು. ಪ್ರಾಣಿಗಳ ಸರಣಿಯಾದರೋ ಪೂರ್ತಿ ಅಮೆರಿಕದ ನೆಲದಲ್ಲೇ ಅಚ್ಚಾಗಿ ಬಣ್ಣ ಕಂಡಿತು. ಅಷ್ಟು ದೊಡ್ಡ ಬಣ್ಣದ ಹೊತ್ತಿಗೆ ಅಲ್ಲಿ ಮುದ್ರಣವಾಗಬಲ್ಲದೆಂದು ತೋರಿಸಿಕೊಟ್ಟ ಕೆಲಸವಿದು. ಆಡುಬಾನ್‌ಗಳ ಬಣ್ಣದ ಚಿತ್ರಗಳನ್ನು ನೋಡಿಕೊಂಡು ಕಲ್ಲಿಗೆ ಇಳಿಸಿದವರಲ್ಲಿ ವಿಲಿಯಂ ಹಿಚ್‌ಕಾಕ್ ಮತ್ತು ರಾಲ್ಫ್ ಟ್ರೆಂಬ್ಲಿ ಎಂಬ ಇಬ್ಬರ ಹೆಸರು ಉಳಿದಿದೆ.

ಬಣ್ಣದಲ್ಲೇ ಮುದ್ರಿಸಬಹುದಿತ್ತಲ್ಲ? ಒಂದೊಂದು ಹಾಳೆಗೂ ಕೈಯಿಂದ ಏಕೆ ಬಣ್ಣ ಹಾಕಿದರು?

ಬಣ್ಣದ ಕಲ್ಲಚ್ಚು ಅಮೆರಿಕದಲ್ಲಿ ಆಗಷ್ಟೇ ಕಣ್ಣು ಬಿಡುತ್ತಿತ್ತು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು, ಪ್ರತಿ ಕಲ್ಲೂ ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ನರಿಯ ಮೈಮೇಲೆ ಕೆಂಪು ನಿಧಾನವಾಗಿ ಕಂದಾಗಿ, ಹೊಟ್ಟೆಯ ಬಳಿ ಬಿಳಿಯಾಗುವ ಬಗೆಯನ್ನು ಆ ಕಾಲದ ಬಣ್ಣದಚ್ಚು ಹಿಡಿಯಲಾರದು. ಜಲವರ್ಣದ ಕುಂಚಕ್ಕೆ ಅದು ಸಾಧ್ಯವಿತ್ತು.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ: ಕಪ್ಪುಬಿಳುಪಿನಲ್ಲಿ ಅಚ್ಚಾದ ಒಂದು ಹಾಳೆಗೆ ಮೊದಲು ಮಾದರಿಯಾಗಿ ಬಣ್ಣ ತುಂಬಿ ಒಪ್ಪಿಗೆ ಪಡೆಯುತ್ತಾರೆ. ಬಳಿಕ ಆ ಮಾದರಿಯನ್ನು ಎದುರಿಗಿಟ್ಟುಕೊಂಡು ಬಣ್ಣಗಾರರು ಸಾಲಾಗಿ ಕೂತು, ಒಬ್ಬರು ಆಕಾಶ, ಒಬ್ಬರು ಹುಲ್ಲು, ಒಬ್ಬರು ತುಪ್ಪಳ ಎಂದು ಹಾಳೆಯನ್ನು ದಾಟಿಸುತ್ತ ಹೋಗುತ್ತಾರೆ. ಅಂದಿನ ಅಮೆರಿಕದ ಮುದ್ರಣಾಲಯಗಳಲ್ಲಿ ಈ ಕೆಲಸ ಮಾಡುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಬೋವೆನ್‌ನ ಹೆಂಡತಿ ಲವಿನಿಯಾ ಸ್ವತಃ ಬಣ್ಣಗಾರ್ತಿ. ಗಂಡ ತೀರಿಕೊಂಡ ಮೇಲೆ ಮುದ್ರಣಾಲಯ ಮುಂದುವರಿಸಿದವಳು. ಲೆಕ್ಕ ಹಾಕಿ ನೋಡಿ: 300 ಚಂದಾದಾರರು, ತಲಾ 150 ಹಾಳೆ. ಸುಮಾರು 45,000 ಹಾಳೆಗಳ ಮೇಲೆ ಹೆಸರಿಲ್ಲದ ಕೈಗಳು ಓಡಾಡಿವೆ. ಚಿತ್ರದ ಕೆಳಗೆ ಇವರ ಒಬ್ಬರ ಹೆಸರೂ ಇಲ್ಲ.

ಆದ್ದರಿಂದಲೇ ಒಂದೇ ಫಲಕದ ಎರಡು ಪ್ರತಿಗಳು ಪೂರ್ತಿ ಒಂದೇ ಆಗಿರುವುದಿಲ್ಲ. ಒಂದರಲ್ಲಿ ಆಕಾಶ ತಿಳಿ, ಇನ್ನೊಂದರಲ್ಲಿ ಗಾಢ. ಇದು ದೋಷವಲ್ಲ.

ತುಪ್ಪಳ ಮುಟ್ಟಿದರೆ ಬೆರಳಿಗೆ ಸಿಗುವಷ್ಟು ನಿಜವಾಗಿ ಕಾಣುತ್ತದೆ. ಅದನ್ನು ಹೇಗೆ ಸಾಧಿಸಿದರು?

ಮೊದಲು ಬರಿಗಣ್ಣಿಗೆ ಕಾಣುವುದನ್ನು ಬಿಟ್ಟು ಭೂತಗನ್ನಡಿ ಹಿಡಿಯಿರಿ. ಬಳಪ ಕಲ್ಲಿನ ಒರಟು ಮೇಲ್ಮೈಯ ತುದಿಗಳನ್ನಷ್ಟೇ ತಾಕಿರುವುದರಿಂದ ಗೆರೆ ಅಖಂಡವಾಗಿಲ್ಲ. ಸಣ್ಣ ಸಣ್ಣ ಅಸಮ ಕಾಳುಗಳಾಗಿ ಒಡೆದಿದೆ. ಆ ಕಾಳುಗಳೇ ಮೆತ್ತನೆಯ ಒಳಗೂದಲಿನ ಭ್ರಮೆ ಹುಟ್ಟಿಸುತ್ತವೆ. ಅದರ ಮೇಲೆ ಚೂಪಾದ ಬಳಪದಿಂದ ಎಳೆದ ಉದ್ದನೆಯ ಹೊರಗೂದಲು. ಬಿಳಿ ಮೀಸೆ, ಕಿವಿಯ ಅಂಚಿನ ಬೆಳಕು ಬೇಕಾದಾಗ ಕಲ್ಲಿನ ಮೇಲಿನ ಬಳಪವನ್ನು ಸೂಜಿಯಿಂದ ಕೆರೆದು ತೆಗೆಯುತ್ತಾರೆ. ಅಲ್ಲಿ ಹಾಳೆಯ ಬಿಳುಪೇ ಕೂದಲಾಗುತ್ತದೆ. ಎಲ್ಲಕ್ಕಿಂತ ಮೇಲೆ ತೆಳುವಾದ ಜಲವರ್ಣ, ಕೆಳಗಿನ ಕಾಳುಗಳನ್ನು ಮುಚ್ಚದಷ್ಟು ತೆಳು. ಕೊನೆಗೆ ಕಣ್ಣಿಗೆ ಗೋಂದಿನ ಒಂದು ಹನಿ. ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಆ ಹನಿ ಈಗಲೂ ಮಿನುಗುತ್ತದೆ.

ಹಕ್ಕಿಚಿತ್ರಗಳಿಗೆ ಹೋಲಿಸಿದರೆ ಇವು ಕಳಪೆ ಎನ್ನುತ್ತಾರಲ್ಲ?

ಈ ಮಾತನ್ನು ನಾನು ಒಪ್ಪುವುದಿಲ್ಲ. ಹಕ್ಕಿಯ ಗರಿಗೆ ಸ್ಪಷ್ಟ ಅಂಚು ಇದೆ, ತಾಮ್ರದ ಫಲಕದ ಚುರುಕು ಗೆರೆ ಅದಕ್ಕೆ ಒಪ್ಪುತ್ತದೆ. ತುಪ್ಪಳಕ್ಕೆ ಅಂಚಿಲ್ಲ. ಅದಕ್ಕೆ ಬಳಪದ ಕಾಳುಗೆರೆಯೇ ತಕ್ಕ ಸಾಧನ. ಹಕ್ಕಿಗಳ ಸರಣಿಯಲ್ಲಿ ನಾಟಕೀಯತೆ ಹೆಚ್ಚು, ಹಲವು ರೆಕ್ಕೆ ಬಿಚ್ಚಿ ನಿಂತಿರುತ್ತವೆ. ಇಲ್ಲಿ ಮೌನ ಹೆಚ್ಚು. 66ನೆಯ ಫಲಕದ ಓಪೋಸಮ್ (ಮರಿಗಳನ್ನು ಹೊಟ್ಟೆಚೀಲದಲ್ಲಿ ಸಾಕುವ ಪ್ರಾಣಿ) ನೋಡಿ: ಹಣ್ಣಿನ ಕೊಂಬೆಯ ಮೇಲೆ ತಾಯಿ ಮತ್ತು ಏಳು ತಿಂಗಳ ಮರಿ. ತಾಯಿಯ ಬರಿಬಾಲ, ತೆಳು ಕಿವಿ, ಒರಟು ತುಪ್ಪಳ ಇವುಗಳಲ್ಲಿ ಯಾವುದನ್ನೂ ಚೆಂದ ಮಾಡಲು ಹೋಗಿಲ್ಲ. ಆ ಪ್ರಾಮಾಣಿಕತೆ ನನಗೆ ಹಕ್ಕಿಗಳ ಸರಣಿಯ ಫ್ಲೆಮಿಂಗೋದ ಬಾಗಿದ ಕೊರಳಿಗಿಂತ ಹೆಚ್ಚು ಹಿಡಿಸುತ್ತದೆ. ಸರಣಿಯ ಎಲ್ಲ ಚಿತ್ರಗಳೂ ಆ ಮಟ್ಟದಲ್ಲಿಲ್ಲ ಎಂಬುದನ್ನು ಮಾತ್ರ ಒಪ್ಪಲೇಬೇಕು. ಒಣಗಿದ ಚರ್ಮ ನೋಡಿ ಬರೆದ ಕೆಲವು ಇಲಿ, ಅಳಿಲುಗಳಲ್ಲಿ ಜೀವ ಇಲ್ಲ.

## ಚಿತ್ರದೊಳಗಿನ ಪ್ರಾಣಿಗಳು

ಇವನ್ನೆಲ್ಲ ಕಾಡಿನಲ್ಲಿ ಕಣ್ಣಾರೆ ನೋಡಿ ಬರೆದರೇ?

ಕೆಲವನ್ನು. 1843ರ ಏಪ್ರಿಲ್ 25ರಂದು, 58 ತುಂಬುವುದಕ್ಕೆ ಒಂದು ದಿನ ಮುಂಚೆ, ಆಡುಬಾನ್ ಸೇಂಟ್ ಲೂಯಿಸ್‌ನಿಂದ ‘ಒಮೆಗಾ’ ಎಂಬ ಹಬೆದೋಣಿ ಹತ್ತಿ ಮಿಸ್ಸೌರಿ ನದಿಯಲ್ಲಿ ಮೇಲಕ್ಕೆ ಹೊರಟ. ಜೊತೆಗೆ ಗೆಳೆಯ ಎಡ್ವರ್ಡ್ ಹ್ಯಾರಿಸ್, ಚರ್ಮ ಹದಮಾಡುವ ಜಾನ್ ಬೆಲ್, ಚಿತ್ರಕಾರ ಐಸಾಕ್ ಸ್ಪ್ರೇಗ್, ಲೂಯಿಸ್ ಸ್ಕ್ವೈರ್ಸ್. ಜೂನ್‌ನಲ್ಲಿ ಯೆಲ್ಲೋಸ್ಟೋನ್ ನದಿ ಸೇರುವ ಕಡೆ ಇದ್ದ ಫೋರ್ಟ್ ಯೂನಿಯನ್ ತಲುಪಿ ಬೇಸಿಗೆ ಕಳೆದರು. ಬೈಸನ್, ತೋಳ, ಜಿಂಕೆಗಳನ್ನು ಹತ್ತಿರದಿಂದ ಕಂಡರು. ರಾಕಿ ಪರ್ವತಗಳಿಗೆ ಹೋಗಬೇಕೆಂಬ ಹಳೆಯ ಆಸೆ ಈಡೇರಲಿಲ್ಲ. ನವೆಂಬರಿನಲ್ಲಿ ಮನೆಗೆ ಮರಳಿದ.

ಮಿಕ್ಕವು ಬೇರೆ ಬೇರೆ ದಾರಿಯಲ್ಲಿ ಬಂದವು. ತುಪ್ಪಳ ವ್ಯಾಪಾರಿಗಳು ಕಳಿಸಿದ ಚರ್ಮಗಳು, ಪಶ್ಚಿಮದಲ್ಲಿ ಜಾನ್ ಟೌನ್‌ಸೆಂಡ್ ಸಂಗ್ರಹಿಸಿದ ಮಾದರಿಗಳು, ಗೆಳೆಯರು ಜೀವಂತ ಕಳಿಸಿದ ಪ್ರಾಣಿಗಳು. ಇಲಿಗಳಿಗಂತೂ ದೂರ ಹೋಗಬೇಕಿರಲಿಲ್ಲ. 1839ರಲ್ಲಿ ಆಡುಬಾನ್ ನ್ಯೂಯಾರ್ಕಿನ ಮೇಯರ್‌ಗೆ ಪತ್ರ ಬರೆದು ನಗರದ ಬ್ಯಾಟರಿ ಪ್ರದೇಶದಲ್ಲಿ ನಸುಕಿನಲ್ಲಿ ಇಲಿ ಹೊಡೆಯಲು ಅನುಮತಿ ಕೇಳಿದ್ದ.

ಪ್ರಾಣಿಗಳನ್ನು ಕೊಂದು ಬರೆದನಲ್ಲ, ಇದರಲ್ಲಿ ಪ್ರೀತಿ ಎಲ್ಲಿದೆ?

ಕೊಂದದ್ದು ನಿಜ. ಆ ಕಾಲದಲ್ಲಿ ದುರ್ಬೀನು ದುರ್ಬಲ, ಪ್ರಾಣಿಯ ಓಟ ಹಿಡಿಯುವ ಕ್ಯಾಮೆರಾ ಇಲ್ಲ. ಹೊಸದಾಗಿ ಕೊಂದ ಪ್ರಾಣಿಯನ್ನು ತಂತಿಯಿಂದ ಬದುಕಿದ್ದಾಗಿನ ಭಂಗಿಗೆ ನಿಲ್ಲಿಸಿ, ಹಿಂದೆ ಚೌಕುಳಿ ಗೆರೆ ಹಾಕಿ, ಅಳೆದು ಬರೆಯುವುದು ಆಡುಬಾನ್‌ನ ಪದ್ಧತಿ. ಆದರೆ ಅಗತ್ಯಕ್ಕೆ ಮೀರಿ ಕೊಂದದ್ದೂ ನಿಜ. ಫೋರ್ಟ್ ಯೂನಿಯನ್ನಿನ ದಿನಚರಿಯಲ್ಲಿ ಬರಿ ಮೋಜಿಗಾಗಿ ನಡೆದ ಬೈಸನ್ ಬೇಟೆಗಳು ತುಂಬಿವೆ. ಅದನ್ನು ಓದುವಾಗ ಹೊಟ್ಟೆ ತೊಳಸುತ್ತದೆ. ಅದೇ ದಿನಚರಿಯಲ್ಲಿ, ಆ ಬೇಸಿಗೆಯ ಕೊನೆಕೊನೆಗೆ, ಹಿಂಡುಗಳು ಕಿರಿದಾಗುತ್ತಿರುವುದನ್ನು ಗಮನಿಸಿ, ಇನ್ನು ಕೆಲವೇ ವರ್ಷಗಳಲ್ಲಿ ಬೈಸನ್ ಕೂಡ ಗ್ರೇಟ್ ಆಕ್ ಹಕ್ಕಿಯ ಹಾಗೆ ಇಲ್ಲವಾಗುತ್ತದೆ, ಇದಕ್ಕೆ ಅವಕಾಶ ಕೊಡಬಾರದು ಎಂದು ಆತ ಬರೆದ. ಮರುವರ್ಷ, 1844ರಲ್ಲಿ, ಐಸ್‌ಲ್ಯಾಂಡಿನ ಬಳಿಯ ದ್ವೀಪವೊಂದರಲ್ಲಿ ಕೊನೆಯ ಗ್ರೇಟ್ ಆಕ್ ಜೋಡಿಯನ್ನು ಕೊಂದರು. 1889ರ ವೇಳೆಗೆ ಪ್ರಾಣಿಶಾಸ್ತ್ರಜ್ಞ ವಿಲಿಯಂ ಹಾರ್ನಡೇ ಮಾಡಿದ ಎಣಿಕೆಯಲ್ಲಿ ಇಡೀ ಉತ್ತರ ಅಮೆರಿಕದಲ್ಲಿ ಉಳಿದಿದ್ದ ಬೈಸನ್‌ಗಳು 1,091. ಆ ವಾಕ್ಯ ಬರೆದ ಕೈ ಮತ್ತು ಬಂದೂಕು ಹಿಡಿದ ಕೈ ಒಂದೇ ಎಂಬುದನ್ನು ಬಿಟ್ಟು ಈ ಸರಣಿಯನ್ನು ನೋಡಬಾರದು.

56 ಮತ್ತು 57ನೆಯ ಫಲಕಗಳು ಬೈಸನ್‌ಗೆ ಮೀಸಲು. ನಮ್ಮ ಪಶ್ಚಿಮ ಘಟ್ಟದ ಕಾಟಿಯನ್ನು ಹಲವರು ಬೈಸನ್ ಎಂದು ಕರೆಯುವುದರಿಂದ ಹೇಳಿಬಿಡುತ್ತೇನೆ: ಅದು ಬೇರೆ ಪ್ರಾಣಿ.

ಕೆಂಪು ನರಿ ಉಕ್ಕಿನ ಬೋನಿಗೆ ಕಾಲು ಸಿಕ್ಕಿ ಚೀರುವ ಚಿತ್ರವನ್ನು ಏಕೆ ಬರೆದ?

87ನೆಯ ಫಲಕ ಅದು. ನರಿಯ ಮುಂಗಾಲು ಬೋನಿನ ಹಲ್ಲುಗಳ ನಡುವೆ, ಬಾಯಿ ತೆರೆದಿದೆ. ಬೋನಿಗೆ ಸಿಕ್ಕ ನೀರುನಾಯಿಯನ್ನೂ ಆಡುಬಾನ್ ತೈಲವರ್ಣದಲ್ಲಿ ಮತ್ತೆ ಮತ್ತೆ ಬರೆದಿದ್ದ. ಆ ವಸ್ತು ಅವನನ್ನು ಬಿಟ್ಟಿರಲಿಲ್ಲ. ತುಪ್ಪಳ ವ್ಯಾಪಾರ ಅಂದಿನ ಅಮೆರಿಕದಲ್ಲಿ ಹಲವರ ಹೊಟ್ಟೆಪಾಡು. ಬೀವರ್, ನೀರುನಾಯಿ, ನರಿಗಳು ಜನರ ಕಣ್ಣಿಗೆ ಬೀಳುತ್ತಿದ್ದದ್ದೇ ಬೋನಿನಲ್ಲಿ. ನೋವನ್ನು ಅಡಗಿಸದೆ ತೋರಿಸಿದ್ದಕ್ಕೆ ನನಗೆ ಈ ಫಲಕದ ಮೇಲೆ ಗೌರವವಿದೆ. ಮನೆಯ ಗೋಡೆಗೆ ಮಾತ್ರ ಹಾಕಲಾರೆ.

ಕಪ್ಪು ಪಾದದ ಫೆರೆಟ್‌ನ ಕಥೆ ನಿಜವೇ? ಇಲ್ಲದ ಪ್ರಾಣಿಯನ್ನು ಬರೆದರೆಂದು ಕೇಳಿದ್ದೆ.

ಇಲ್ಲದ ಪ್ರಾಣಿಯಲ್ಲ, ಬಹುಕಾಲ ಯಾರಿಗೂ ಮತ್ತೆ ಸಿಗದ ಪ್ರಾಣಿ. ಫೆರೆಟ್ ಎಂದರೆ ಉದ್ದ ಮೈಯ ಸಣ್ಣ ಮಾಂಸಾಹಾರಿ. ತುಪ್ಪಳ ವ್ಯಾಪಾರಿ ಅಲೆಕ್ಸಾಂಡರ್ ಕಲ್ಬರ್ಟ್‌ಸನ್ ಫೋರ್ಟ್ ಲಾರಮಿ ಕಡೆಯಿಂದ ಒಂದು ಚರ್ಮ ಕಳಿಸಿಕೊಟ್ಟ. ಹಳದಿಮಿಶ್ರಿತ ಮೈ, ಮುಖಕ್ಕೆ ಮುಸುಕು ಹಾಕಿದಂಥ ಕಪ್ಪು ಪಟ್ಟಿ, ಕಪ್ಪು ಕಾಲು. 93ನೆಯ ಫಲಕವಾಗಿ ಅದನ್ನು ಬರೆದರು, 1851ರಲ್ಲಿ ಬರಹದ ಎರಡನೆಯ ಸಂಪುಟದಲ್ಲಿ ಹೊಸ ಜೀವಿ ಎಂದು ವರ್ಣಿಸಿದರು. ಆಮೇಲೆ ಕಾಲು ಶತಮಾನದಷ್ಟು ಕಾಲ ಇನ್ನೊಂದು ಮಾದರಿ ವಿಜ್ಞಾನಿಗಳ ಕೈಗೆ ಬರಲಿಲ್ಲ. ಅದು ಕಲ್ಪನೆ ಎಂಬ ಅನುಮಾನ ಹಬ್ಬಿತು. 1870ರ ದಶಕದಲ್ಲಿ ಎಲಿಯಟ್ ಕೌಸ್ ಎಂಬ ವಿಜ್ಞಾನಿ ಪಟ್ಟುಹಿಡಿದು ಮಾದರಿಗಳನ್ನು ತರಿಸಿಕೊಂಡ ಮೇಲೆಯೇ ಆಡುಬಾನ್ ಮತ್ತು ಬ್ಯಾಕ್‌ಮನ್ ಮೇಲಿದ್ದ ಆರೋಪ ಅಳಿಸಿತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಫೆರೆಟ್ ಬದುಕುವುದು ಪ್ರೈರಿ ಡಾಗ್ ಎಂಬ ಬಿಲವಾಸಿ ದಂಶಕವನ್ನು ತಿಂದು, ಅದರ ಬಿಲದಲ್ಲೇ ವಾಸಮಾಡಿ. ರೈತರು ಮತ್ತು ದನಗಾಹಿಗಳು ಪ್ರೈರಿ ಡಾಗ್‌ಗಳಿಗೆ ವಿಷ ಹಾಕಿದಂತೆ ಫೆರೆಟ್ ಕೂಡ ಕರಗಿತು. 1979ರ ಹೊತ್ತಿಗೆ ನಿರ್ನಾಮವಾಯಿತೆಂದೇ ತಿಳಿದಿದ್ದರು. 1981ರ ಸೆಪ್ಟೆಂಬರ್‌ನಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಊರಿನ ಬಳಿ ಶೆಪ್ ಎಂಬ ಸಾಕುನಾಯಿ ಸತ್ತ ಫೆರೆಟ್ ಒಂದನ್ನು ಮನೆಬಾಗಿಲಿಗೆ ತಂದು ಹಾಕಿತು. ಹುಡುಕಿದಾಗ ಅಲ್ಲೊಂದು ಗುಂಪು ಉಳಿದಿತ್ತು. ರೋಗ ಬಡಿದು ಅದೂ ಕುಸಿದಾಗ 1987ರ ವೇಳೆಗೆ ಕೊನೆಯ 18 ಪ್ರಾಣಿಗಳನ್ನು ಹಿಡಿದು ಸಾಕಿ ಸಂತತಿ ಬೆಳೆಸಿದರು. 1988ರಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ಜೀವಕೋಶಗಳಿಂದ 2020ರ ಡಿಸೆಂಬರ್‌ನಲ್ಲಿ ಒಂದು ಫೆರೆಟ್‌ನ ತದ್ರೂಪು ಮರಿಯೂ ಹುಟ್ಟಿತು. ಇಂದಿಗೂ ಈ ಪ್ರಾಣಿಯ ವೈಜ್ಞಾನಿಕ ಹೆಸರಿನ ಮುಂದೆ ಆಡುಬಾನ್, ಬ್ಯಾಕ್‌ಮನ್ ಇಬ್ಬರ ಹೆಸರೂ 1851 ಎಂಬ ವರ್ಷವೂ ಬರುತ್ತವೆ.

## ಕೊಳ್ಳುವವರಿಗೆ, ಕಾಪಾಡುವವರಿಗೆ

ಅಮೆರಿಕದ ಹಳೆಯ ವಸ್ತುಗಳ ಅಂಗಡಿಯಲ್ಲಿ ಒಂದು ಸಿಕ್ಕಿದೆ. ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಸಾಲುಸಾಲಾಗಿ, ಒಂದೇ ಅಂತರದಲ್ಲಿ ಜೋಡಿಸಿದ ಬಣ್ಣದ ಚುಕ್ಕೆಗಳು ಕಂಡರೆ ಅದು ಇತ್ತೀಚಿನ ಯಂತ್ರಮುದ್ರಣ, ಅನುಮಾನ ಬೇಡ. ಅಸಲಿಯಲ್ಲಿ ಕಪ್ಪು ಗೆರೆ ಅಸಮ ಕಾಳುಗಳಾಗಿರುತ್ತದೆ, ಅದರ ಮೇಲೆ ಬಣ್ಣ ಚುಕ್ಕೆಯಿಲ್ಲದೆ ಹರಡಿರುತ್ತದೆ, ಅಲ್ಲಲ್ಲಿ ಗೆರೆಯನ್ನು ದಾಟಿರುತ್ತದೆ. ಕುಂಚ ಎತ್ತಿದ ಜಾಗದಲ್ಲಿ ಬಣ್ಣ ಗಟ್ಟಿಯಾಗಿ ನಿಂತಿರುವುದೂ ಉಂಟು. ಮೇಲೆ ಕಂತಿನ ಮತ್ತು ಫಲಕದ ಸಂಖ್ಯೆ, ಕೆಳಗೆ ಚಿತ್ರಕಾರ ಮತ್ತು ಬೋವೆನ್ ಹೆಸರು ಇರಬೇಕು. ಅಂಚು ಕತ್ತರಿಸಿದ ಹಾಳೆಗಳಲ್ಲಿ ಇವು ಹಾರಿಹೋಗಿರುತ್ತವೆ. ಅದರಿಂದ ಬೆಲೆ ಇಳಿಯುತ್ತದೆ.

ಹಾಳೆಯಲ್ಲಿ ಫಲಕ ಒತ್ತಿದ ಗುರುತೇ ಇಲ್ಲ, ಆದ್ದರಿಂದ ನಕಲಿ ಎಂದು ಒಬ್ಬರು ಹೇಳಿದರು.

ತಪ್ಪು. ಆ ತಗ್ಗು ಚೌಕ ಮೂಡುವುದು ತಾಮ್ರದ ಫಲಕ ಒತ್ತಿದಾಗ. ಹ್ಯಾವೆಲ್‌ನ ಹಕ್ಕಿಚಿತ್ರಗಳಲ್ಲಿ ಹುಡುಕಬೇಕಾದ ಗುರುತನ್ನು ಕಲ್ಲಚ್ಚಿನಲ್ಲಿ ಹುಡುಕಬಾರದು.

ನನ್ನದು ಪುಸ್ತಕದ ಪುಟದಷ್ಟು ಚಿಕ್ಕದು. ದೊಡ್ಡದನ್ನು ಕತ್ತರಿಸಿದ್ದೇ?

ಅಲ್ಲ, ಅದು ಬೇರೆ ಆವೃತ್ತಿ. ಕಡಿಮೆ ಬೆಲೆಗೆ ಹೆಚ್ಚು ಜನರಿಗೆ ತಲುಪಿಸಲು ಚಿತ್ರಗಳನ್ನು ಕಿರಿದಾಗಿ ಮತ್ತೆ ಕಲ್ಲಿಗೆ ಬರೆಸಿ, ಬರಹದ ಜೊತೆ ಹೊಲಿದು, 1849ರಿಂದ 1854ರವರೆಗೆ ಮೂರು ಸಂಪುಟಗಳಾಗಿ ತಂದರು. ಹಾಳೆ ಸುಮಾರು 7 ಅಂಗುಲಕ್ಕೆ 10. ಇದರಲ್ಲಿ 155 ಚಿತ್ರಗಳಿವೆ, ದೊಡ್ಡ ಆವೃತ್ತಿಗಿಂತ ಐದು ಹೆಚ್ಚು. ಹೆಚ್ಚಿನವು ಬೋವೆನ್‌ನವು, ಕೆಲವನ್ನು ನ್ಯೂಯಾರ್ಕಿನ ನೇಗೆಲ್ ಮತ್ತು ವೈನ್‌ಗಾರ್ಟ್ನರ್ ಮುದ್ರಿಸಿದರು. ಇವೂ ಕೈಬಣ್ಣದವೇ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ: ದೊಡ್ಡ ಹಾಳೆಯ ಹಿಂದೆ ಓಡುವ ಮೊದಲು ಒಳ್ಳೆಯ ಸ್ಥಿತಿಯ ಚಿಕ್ಕದೊಂದನ್ನು ಕೊಂಡು ದಿನವೂ ನೋಡಿ.

ಬೆಲೆ ಎಷ್ಟಿರುತ್ತದೆ?

ಒಂದೇ ಉತ್ತರ ಇಲ್ಲ. ಪ್ರಾಣಿ ಯಾವುದು, ಬಣ್ಣ ಎಷ್ಟು ತಾಜಾ, ಅಂಚು ಪೂರ್ತಿ ಇದೆಯೇ ಎಂಬುದರ ಮೇಲೆ ಹೋಗುತ್ತದೆ. ಬೈಸನ್, ಜಾಗ್ವಾರ್, ತೋಳ, ಗ್ರಿಜ್ಲಿ ಕರಡಿಗಳ ದೊಡ್ಡ ಹಾಳೆಗಳಿಗೆ ಹರಾಜಿನಲ್ಲಿ ಪೈಪೋಟಿ. ಅದೇ ಸರಣಿಯ ಇಲಿಗೆ, ಮೂಗಿಲಿಗೆ ಕೇಳುವವರು ಕಡಿಮೆ. ಹೂಡಿಕೆ ಎಂದು ಕೊಳ್ಳಬೇಡಿ.

ನಮ್ಮದು ಕರಾವಳಿ. ಮಳೆಗಾಲದಲ್ಲಿ ಇಂಥ ಹಾಳೆಯನ್ನು ಕಾಪಾಡುವುದು ಹೇಗೆ?

ಕರಾವಳಿಯ ತೇವ ಇದಕ್ಕೆ ಮೊದಲ ಶತ್ರು, ಬಿಸಿಲು ಎರಡನೆಯದು. ಹೊರಗೋಡೆಗೆ ತೂಗುಹಾಕಬೇಡಿ, ಮಳೆ ಹೊಡೆಯುವ ಗೋಡೆ ಒಳಗೂ ಬೆವರುತ್ತದೆ. ಚೌಕಟ್ಟಿನ ಹಿಂದೆ ಗಾಳಿ ಆಡುವಷ್ಟು ಜಾಗ ಬಿಡಿ. ಗಾಜು ಹಾಳೆಗೆ ತಾಗಬಾರದು. ನಡುವೆ ಆಮ್ಲರಹಿತ ಹತ್ತಿಯ ರಟ್ಟಿನ ಚೌಕಟ್ಟು ಇರಲಿ. ಅತಿನೇರಳೆ ತಡೆಯುವ ಗಾಜಿಗೆ ಹಣ ಖರ್ಚು ಮಾಡಿ. ಸೆಲ್ಲೋಟೇಪ್ ಎಂದಿಗೂ ಬೇಡ. ಕಂದು ಚುಕ್ಕೆಗಳು ಕಾಣಿಸಿದರೆ ಮನೆಯಲ್ಲಿ ತೊಳೆಯಲು ಹೋಗಬೇಡಿ. ಮೇಲಿರುವುದು ಜಲವರ್ಣ, ನೀರು ತಾಗಿದರೆ ಬಣ್ಣಗಾರರ ಕೆಲಸವೆಲ್ಲ ಕರಗಿ ಹೋಗುತ್ತದೆ. ಬಿಳಿ ಜಾಗಗಳು ಕಪ್ಪಾಗಿದ್ದರೆ ಅದು ಸೀಸದ ಬಿಳಿ ಬಣ್ಣ ಗಾಳಿಯ ಗಂಧಕದ ಜೊತೆ ಸೇರಿ ಆದದ್ದಿರಬಹುದು. ಕಾಗದ ಸಂರಕ್ಷಣೆ ಬಲ್ಲವರಿಗೇ ತೋರಿಸಿ.

## ಇನ್ನೂ ಆಳಕ್ಕೆ

ಚಿತ್ರದ ಕೆಳಗಿನ ಲ್ಯಾಟಿನ್ ಹೆಸರು ಇಂದಿನ ಪುಸ್ತಕಗಳಿಗೆ ಹೊಂದುವುದಿಲ್ಲ. ಯಾವುದು ಸರಿ?

ಇಂದಿನದು. ವರ್ಗೀಕರಣ ಬದಲಾಗುತ್ತಲೇ ಬಂದಿದೆ. 2ನೆಯ ಫಲಕದ ಮೇರಿಲ್ಯಾಂಡ್ ಮಾರ್ಮಟ್ ಎಂಬ ಬಿಲವಾಸಿ ದಂಶಕಕ್ಕೆ ಅಲ್ಲಿ ಆರ್ಕ್ಟೊಮಿಸ್ ಮೋನಾಕ್ಸ್ ಎಂದಿದೆ, ಈಗ ಅದು ಮಾರ್ಮೊಟಾ ಮೋನಾಕ್ಸ್. ತೋಳಗಳ ವಿಷಯ ಹೆಚ್ಚು ಸ್ವಾರಸ್ಯದ್ದು. 67ನೆಯ ಫಲಕದ ಕಪ್ಪು ತೋಳ, 82ನೆಯ ಫಲಕದ ಟೆಕ್ಸಸ್‌ನ ಕೆಂಪು ತೋಳ ಎಲ್ಲವನ್ನೂ ಒಂದೇ ತೋಳದ ಬಣ್ಣಭೇದಗಳೆಂದು ಆಡುಬಾನ್ ಮತ್ತು ಬ್ಯಾಕ್‌ಮನ್ ಎಣಿಸಿದರು. ಕಪ್ಪಿನ ಬಗ್ಗೆ ಅದು ಸರಿ. ಕೆಂಪು ತೋಳವನ್ನು ಈಗ ಸಾಮಾನ್ಯವಾಗಿ ಪ್ರತ್ಯೇಕ ಪ್ರಭೇದವೆಂದು ನೋಡುತ್ತಾರೆ, ಮೊದಲು ವರ್ಣಿಸಿದ ಮರ್ಯಾದೆ ಈ ಇಬ್ಬರಿಗೇ ಸಲ್ಲುತ್ತದೆ. ಅದೂ 1980ರಲ್ಲಿ ಕಾಡಿನಿಂದ ಮರೆಯಾಗಿ, 1987ರಲ್ಲಿ ಉತ್ತರ ಕೆರೊಲಿನಾದಲ್ಲಿ ಮತ್ತೆ ಬಿಡುಗಡೆ ಕಂಡ ಪ್ರಾಣಿ.

ಆಡುಬಾನ್ ಗುಲಾಮರನ್ನು ಇಟ್ಟುಕೊಂಡಿದ್ದನೆಂದು ಓದಿದೆ. ಹಾಗಿದ್ದರೂ ಅವನ ಚಿತ್ರಗಳನ್ನು ಮೆಚ್ಚಬಹುದೇ?

ಇಟ್ಟುಕೊಂಡಿದ್ದ, ಕೊಂಡಿದ್ದ, ಮಾರಿದ್ದ. ಇದು ದಾಖಲಾದ ಸತ್ಯ. ಅವನ ಹೆಸರು ಹೊತ್ತ ಅಮೆರಿಕದ ಹಕ್ಕಿಪ್ರಿಯರ ಹಲವು ಸ್ಥಳೀಯ ಸಂಘಗಳು ಇತ್ತೀಚೆಗೆ ಹೆಸರು ಬದಲಿಸಿಕೊಂಡಿವೆ. ರಾಷ್ಟ್ರೀಯ ಸಂಸ್ಥೆ 2023ರಲ್ಲಿ ಹೆಸರು ಉಳಿಸಿಕೊಳ್ಳಲು ತೀರ್ಮಾನಿಸಿತು. ಬ್ಯಾಕ್‌ಮನ್‌ನ ಮನೆಯಲ್ಲೂ ಗುಲಾಮರಿದ್ದರು. ಎಲ್ಲ ಮನುಷ್ಯರೂ ಒಂದೇ ಪ್ರಭೇದ ಎಂದು 1850ರಲ್ಲಿ ಇಡೀ ಪುಸ್ತಕ ಬರೆದು ವಾದಿಸಿದ ಅದೇ ಪಾದ್ರಿ ಗುಲಾಮಗಿರಿಯನ್ನು ಸಮರ್ಥಿಸಿದ. ಈ ಎರಡನ್ನೂ ಒಟ್ಟಿಗೆ ಹೇಳದ ಪರಿಚಯ ಲೇಖನ ಅಪೂರ್ಣ. ನಾನು ಚಿತ್ರಗಳನ್ನು ನೋಡುವುದನ್ನು ಬಿಟ್ಟಿಲ್ಲ, ಯಾರಾದರೂ ಬಿಟ್ಟರೆ ಅವರೊಂದಿಗೆ ವಾದಕ್ಕೂ ಇಳಿಯುವುದಿಲ್ಲ.

ಇದಾದ ಮೇಲೆ ಕೈಬಣ್ಣದ ಚಿತ್ರಗಳು ಏಕೆ ನಿಂತವು?

ಬಣ್ಣದ ಕಲ್ಲಚ್ಚು ಪಳಗಿತು, ಕೂಲಿ ದುಬಾರಿಯಾಯಿತು. ಜಾನ್ ವುಡ್‌ಹೌಸ್ ಸ್ವತಃ 1858ರಲ್ಲಿ ಜೂಲಿಯಸ್ ಬೀನ್ ಎಂಬ ಮುದ್ರಕನ ಜೊತೆ ಸೇರಿ ತಂದೆಯ ಹಕ್ಕಿಗಳನ್ನು ಬಣ್ಣದಚ್ಚಿನಲ್ಲಿ ತರಲು ಹೊರಟ. ಅಂತರ್ಯುದ್ಧ ಅದನ್ನು ಅರ್ಧಕ್ಕೇ ನಿಲ್ಲಿಸಿತು. ವಿಕ್ಟರ್ 1860ರಲ್ಲಿ, ಜಾನ್ ವುಡ್‌ಹೌಸ್ 1862ರಲ್ಲಿ ತೀರಿಕೊಂಡರು.

ಮೂಲ ಚಿತ್ರಗಳು ಈಗ ಎಲ್ಲಿವೆ? ದೂರದಲ್ಲಿ ಕೂತು ಪೂರ್ತಿ ಸರಣಿ ನೋಡಬಹುದೇ?

ಹಕ್ಕಿಗಳ ಮೂಲ ಜಲವರ್ಣಗಳು ನ್ಯೂಯಾರ್ಕ್ ಹಿಸ್ಟಾರಿಕಲ್ (2024ರವರೆಗೆ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿ) ಸಂಸ್ಥೆಯ ಬಳಿ ಒಂದೇ ಕಡೆ ಇವೆ. ಪ್ರಾಣಿಗಳ ಮೂಲಗಳಿಗೆ ಆ ಅದೃಷ್ಟವಿಲ್ಲ, ಚದುರಿವೆ. ಜಾನ್ ವುಡ್‌ಹೌಸ್‌ನ ಹಲವು ತೈಲಚಿತ್ರಗಳು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿವೆ. ಮುದ್ರಿತ ಫಲಕಗಳನ್ನು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಅಂತರ್ಜಾಲ ಸಂಗ್ರಹದಲ್ಲಿ ಉಚಿತವಾಗಿ ನೋಡಬಹುದು. ಚಿಕ್ಕ ಆವೃತ್ತಿ, ಬ್ಯಾಕ್‌ಮನ್‌ನ ಬರಹದ ಸಮೇತ, ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿದೆ. ನೋಡುವಾಗ ಚಿತ್ರವನ್ನು ಪೂರ್ತಿ ಹಿಗ್ಗಿಸಿ, ಮೊದಲು ಪ್ರಾಣಿಯ ಕಿವಿಯ ಅಂಚಿಗೆ ಹೋಗಿ, ಅಲ್ಲಿಂದ ಕೆಳಗಿಳಿದು ಎಡತುದಿಯ ಸಣ್ಣ ಅಕ್ಷರಗಳನ್ನು ಓದಿ.